ತಡವಾದ ಅಂಚೆ

ಕಾಗದದ ಮೇಲೆ ಅವಳ ಹೆಸರು ಲೇಟ್ ಪೋಸ್ಟ್.
ಅಪ್ಪನದು, ಅಮ್ಮನದು, ಅಜ್ಜಿಯ ಅಜ್ಜಿಯದು,
ಐದು ತಲೆಮಾರು ಸಾಲಾಗಿ ಅಚ್ಚಾಗಿವೆ.
ನನ್ನದು ಮೂರಕ್ಕೇ ನಿಲ್ಲುತ್ತದೆ.

ನಾನು ಕುಣಿಗಲ್ ಫಾರಮ್ಮಿನ ಲಾಯದವನು.
ನ್ಯೂಮಾರ್ಕೆಟ್ಟಿಗೆ ಬಂದದ್ದು ಜನವರಿಯಲ್ಲಿ,
ಮೂಗು ನನ್ನದೋ ಬೇರೆಯವರದೋ ತಿಳಿಯದ ಚಳಿಯಲ್ಲಿ.
ಮಿಸೆಸ್ ಪೆಟಿಫರ್ ಹಗ್ಗವನ್ನು ಕೈಗಿಟ್ಟು ಅಂದಳು:
'ಇದು ಕಚ್ಚುತ್ತದೆ.'
ಅಷ್ಟೇ ಪರಿಚಯ.

ಕಚ್ಚಿದಳು. ಎಡ ಮೊಣಕೈ ಮೇಲೆ
ಅರ್ಧಚಂದ್ರ ಈಗಲೂ ಇದೆ.

ನಾನು ಅವಳನ್ನು ಅಂಚೆ ಅಂದೆ.
ಚಿಕ್ಕರಂಗಯ್ಯ ಮೇಷ್ಟ್ರು ಹೇಳಿದ್ದರು,
ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ ಕಣೋ ಎಂದು.
ಟಪಾಲೂ ಅದೇ, ಹಕ್ಕಿಯೂ ಅದೇ;
ಈಗ ಆ ಪದಕ್ಕೆ ಎರಡು ಜೊತೆ ಕಾಲು.

ಈ ಊರಲ್ಲಿ ರಸ್ತೆ ದಾಟುವ ಕಂಬಕ್ಕೆ
ಎರಡು ಗುಂಡಿ: ಒಂದು ನಡೆಯುವವರ ಸೊಂಟದ ಮಟ್ಟಕ್ಕೆ,
ಇನ್ನೊಂದು ಸವಾರನ ಕೈಯೆತ್ತರಕ್ಕೆ.
ಐದೂವರೆಯ ಕತ್ತಲಲ್ಲಿ ಅವಳ ಬೆನ್ನ ಮೇಲಿಂದ
ಮೇಲಿನದನ್ನು ಒತ್ತುತ್ತಿದ್ದೆ.
ಹಾಲಿನ ಲಾರಿ, ಸಾಹೇಬರ ಕಾರು, ಎಲ್ಲ ನಿಲ್ಲುತ್ತಿದ್ದವು.
ನನಗಲ್ಲ ಎಂದು ಗೊತ್ತಿತ್ತು.
ಬೆನ್ನು ಮಾತ್ರ ನೆಟ್ಟಗಾಗುತ್ತಿತ್ತು.

ಮೊದಲ ಓಟ ಯಾರ್ಮತ್ತಿನಲ್ಲಿ, ಕಡಲ ಗಾಳಿ.
ಗೇಟು ತೆರೆಯಿತು. ಎಲ್ಲ ಹೊರಟವು.
ಅವಳು ನಿಂತು ಒಂದು ಕಡಲಹಕ್ಕಿ ನೋಡಿದಳು.
ಹನ್ನೊಂದರಲ್ಲಿ ಒಂಬತ್ತನೆಯವಳು.
ಎರಡನೆಯ ಓಟದಲ್ಲಿ ಆರು. ಲಾಯದ ಹುಡುಗರು ನಕ್ಕರು:
ಈ ಟಪಾಲು ಮುಂದಿನ ವಾರಕ್ಕೆ.

ಮೂರನೆಯದು ಡಾಂಕಾಸ್ಟರ್, ಮಳೆ ನಿಂತ ಮಧ್ಯಾಹ್ನ.
ಉಳಿದದ್ದು ಎರಡೇ ಫರ್ಲಾಂಗು.
ಕಿನ್ಸೆಲಾ ಚಾಟಿ ಎತ್ತಲಿಲ್ಲ, ಕೈ ಸಡಿಲಿಸಿದ, ಅಷ್ಟೇ.
ಹದಿಮೂರು ಬೆನ್ನುಗಳ ಹಿಂದಿನಿಂದ
ಹೊಲಿಗೆ ಬಿಚ್ಚಿದ ಹಾಗೆ ಗುಂಪು ಬಿಚ್ಚುತ್ತ
ಬಂದಳು, ಬಂದಳು, ಬಂದೇಬಿಟ್ಟಳು.
ನನ್ನ ಬಾಯಿಂದ ಹೊರಟದ್ದು ಅಪ್ಪಟ ಕುಣಿಗಲ್ ಕನ್ನಡ.
ಪಕ್ಕದ ಟೋಪಿಯ ಹೆಂಗಸು, ಯಾಕೋ,
ನನಗೆ ಸಾರಿ ಅಂದಳು.

ಆಮೇಲೆ ಎರಡು ವರ್ಷ
ಸೋಲಿಗೆ ಅವಳ ವಿಳಾಸವೇ ಸಿಗಲಿಲ್ಲ.
ಎಪ್ಸಮ್, ಗುಡ್‌ವುಡ್, ಯಾರ್ಕ್, ಮತ್ತೆ ಯಾರ್ಕ್,
ಒಂಬತ್ತು ಓಟ, ಒಂಬತ್ತು ಗೆಲುವು.
ಪತ್ರಿಕೆಯವರು ಅವಳ ಹೃದಯದ ತೂಕ ಊಹಿಸಿದರು,
ಹೆಜ್ಜೆಯ ಉದ್ದ ಅಳೆದರು.
ಬರೆಯದೆ ಬಿಟ್ಟದ್ದು:
ಗುಡುಗಿಗೆ ಬೆಚ್ಚದವಳು ಒಣಹಾಕಿದ ಅಂಗಿಗೆ ಬೆಚ್ಚುತ್ತಿದ್ದಳು;
ಪೆಪ್ಪರಮೆಂಟು ಯಾವ ಜೇಬಿನಲ್ಲೆಂದು ಬಲ್ಲವಳಾಗಿದ್ದಳು;
ಗೆದ್ದ ರಾತ್ರಿ ದಾಣಿ ಮುಟ್ಟದೆ
ಬಕೆಟ್ಟು ಒದ್ದು ಒದ್ದು
ಇನ್ನೂ ಯಾರನ್ನೋ ಹಿಂದಿಕ್ಕುತ್ತಿದ್ದಳು.

ಕೊನೆಯದು ಆಸ್ಕಟ್, ಅಕ್ಟೋಬರ್.
ನಸುಕಿನಲ್ಲಿ ಎದ್ದು ಜೂಲಿಗೆ ಹದಿನೇಳು ಜಡೆ ಹೆಣೆದೆ,
ಅಮ್ಮ ತಂಗಿಗೆ ಹೆಣೆಯುತ್ತಿದ್ದ ಬಿಗಿಯಲ್ಲೇ.
ಚೆಂದ ಸಿಂಗರಿಸಿದ ಕುದುರೆಗೆಂದು ಒಂದು ಬಹುಮಾನವಿದೆ,
ಅದು ಸಲ್ಲುವುದು ಸಿಂಗರಿಸಿದವನಿಗೆ.
ಲಕೋಟೆಯಲ್ಲಿ ನೂರು ಪೌಂಡು.
ಅದೇ ದಿನ ಅವಳು ಸೋತಳು.
ಮೂಗಿನಷ್ಟು. ಅದರ ಅರ್ಧದಷ್ಟು.
ನೆಲ ಮೆತ್ತಗಿತ್ತು, ಅಂದ ಕಿನ್ಸೆಲಾ.
ವಯಸ್ಸು, ಅಂದಳು ಮಿಸೆಸ್ ಪೆಟಿಫರ್.
ಗೆರೆಯ ಮೇಲಿನ ಆ ಚಿತ್ರ ನಾನೂ ನೋಡಿದ್ದೇನೆ:
ಆಚೆಯ ಕುದುರೆ ಕತ್ತು ಚಾಚಿ ಈಟಿಯಾಗಿದೆ;
ಅಂಚೆಯ ಕಿವಿ ನಿಮಿರಿವೆ, ತಲೆ ಒಂದಿಷ್ಟು ಮೇಲೆದ್ದಿದೆ,
ದೂರದಲ್ಲಿ ಏನೋ ಕಂಡವಳ ಹಾಗೆ.
ಯಾರ್ಮತ್ತಿನ ಆ ಹಕ್ಕಿಯೇ ಇರಬೇಕು.

ಈಗ ಸಫಕ್ಕಿನ ಹುಲ್ಲಿನಲ್ಲಿ ಮೇಯುತ್ತಾಳೆ, ಬಸುರಿ.
ಹುಟ್ಟುವ ಮರಿಯ ಕಾಗದದಲ್ಲಿ ತಾಯಿ ಎಂದು ಅಚ್ಚಾಗುತ್ತಾಳೆ;
ಹಗ್ಗ ಹಿಡಿದವರಿಗೆ ಅಲ್ಲಿ ಸಾಲಿಲ್ಲ.
ನನ್ನ ಕೈಗೆ ಕೆಂದು ಬಣ್ಣದ ಗಂಡೊಂದು ಬಂದಿದೆ.
ಒಳ್ಳೆಯವನು. ಕಚ್ಚುವುದಿಲ್ಲ.

ಭಾನುವಾರ ಬಿಡುವು, ಸಕ್ಕರೆಗೆಂದು ಪೇಟೆಗೆ ಹೊರಡುತ್ತೇನೆ.
ಕಂಬದ ಹತ್ತಿರ ಕೈ ತಾನಾಗಿ ಮೇಲೇರುತ್ತದೆ,
ತುದಿಗಾಲಲ್ಲಿ ನಿಂತು ಒತ್ತುತ್ತೇನೆ.
ಕಾರುಗಳು ನಿಲ್ಲುತ್ತವೆ.
ಒಬ್ಬಾಕೆ ಗಾಜಿಳಿಸಿ, ಕತ್ತು ಹೊರಚಾಚಿ,
ನನ್ನ ಹಿಂದೆ ನೋಡುತ್ತಾಳೆ.